ಐಸಿನಲ್ಲಿ ಬಂದ ಕರುಳು

ಥರ್ಮೊಕೋಲ್ ಡಬ್ಬಿಯನ್ನು ಕಂಡ ಕೂಡಲೇ ನಮ್ಮ ಟೆಕ್ನಿಶಿಯನ್ ಖುಷಿಯಾದ. ಮೀನಿನ ಡಬ್ಬಿ. ಮುಚ್ಚಳಕ್ಕೆ ಅಡ್ಡಡ್ಡ ಹಗ್ಗ, ಮೂಲೆಯಿಂದ ತೊಟ್ಟಿಕ್ಕುತ್ತಿರುವ ನೀರು. ಕಾರವಾರದ ನಮ್ಮ ಪೆಥಾಲಜಿ ಲ್ಯಾಬಿನ ಕೌಂಟರಿನ ಮೇಲೆ ಅಂಥದ್ದನ್ನು ಯಾರೂ ಅದುವರೆಗೆ ತಂದಿಟ್ಟಿರಲಿಲ್ಲ.

"ಮ್ಯಾಡಂ, ಬಂಗಡೆ ಪಾರ್ಸೆಲ್ ಬಂತು. ಇವತ್ತು ಊಟಕ್ಕೆ ಮಾಜಾಳಿ ಮನೆಗೆ ಹೋಗೂದೇ ಬ್ಯಾಡ ನಂಗೆ," ಎನ್ನುತ್ತ ಅವನು ಹಗ್ಗ ಕತ್ತರಿಸಿದ. ಒಳಗೆ ಪುಡಿ ಐಸು, ಐಸಿನ ಮೇಲೆ ಕಲ್ಲುಪ್ಪು. ಐಸು ಸರಿಸಿದರೆ ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದದ ಮನುಷ್ಯರ ದೊಡ್ಡ ಕರುಳು, ಅದಕ್ಕೆ ಅಂಟಿಕೊಂಡ ಹಳದಿ ಕೊಬ್ಬು. "ಅರೇ ದೇವಾ," ಎಂದು ಅವನು ಕೈ ಹಿಂದೆಗೆದ.

ಡಬ್ಬಿ ತಂದಾತ ಕೌಂಟರಿನಾಚೆ ನಿಂತಿದ್ದ. ಹಾರವಾಡದವನು, ಬೋಟಿನಲ್ಲಿ ಕೆಲಸ. ಅಂಕೋಲೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಹಿಂದಿನ ದಿನ ಅವನ ಅಕ್ಕನಿಗೆ ಕರುಳಿನ ಕ್ಯಾನ್ಸರ್ ಆಪರೇಶನ್ ಆಗಿತ್ತು. ಕತ್ತರಿಸಿ ತೆಗೆದ ತುಂಡನ್ನು ಬಾಟಲಿಯಲ್ಲಿ ಹಾಕಿ ಸಂಬಂಧಿಕರ ಕೈಗೆ ಕೊಟ್ಟು, ಬಸ್ಸು ಹತ್ತಿಸಿ, ಪರೀಕ್ಷೆಗೆ ಕಾರವಾರಕ್ಕೆ ಕಳಿಸುವುದು ನಮ್ಮ ಕಡೆಯ ಪದ್ಧತಿ. ಚೆನ್ನಾಗಿಲ್ಲದ ಪದ್ಧತಿ, ಆದರೆ ನಡೆಯುತ್ತಿದೆ.

"ಬಾಟ್ಲಿ ಎಲ್ಲಿ? ಬಾಟ್ಲಿಯಲ್ಲಿದ್ದ ನೀರೆಲ್ಲಿ ಮಾರಾಯಾ?" ಟೆಕ್ನಿಶಿಯನ್ ಕೇಳಿದ.

"ಚೆಲ್ದೆ."

"ಚೆಲ್ದೆ ಅಂದ್ರೆ?"

"ಬಸ್ಸಲ್ಲಿ ಮುಚ್ಚಳ ಸಡ್ಲಾಗಿ ವಾಸ್ನೆ ಹೊಡೀತು. ಮಂದಿಯೆಲ್ಲಾ ಬಯ್ಯೂಕೆ ಶುರು ಮಾಡದ್ರು. ಆ ವಾಸ್ನೆ ನಂಗೆ ಗೊತ್ತಿಲ್ವಾ? ಹಳೇ ಮೀನಿಗೆ ಹಾಕಿ ತಾಜಾ ಅಂತ ಮಾರ್ತಾರಲ್ಲ, ಅದೇ ಫಾರ್ಮಾಲಿನ್. ನಮ್ಮಕ್ಕ ಇಷ್ಟ್ ವರ್ಷ ಮೀನು ಮಾರದೋಳು, ಒಂದ್ ದಿನ ಅದ್ನ ಮುಟ್ಟಲಿಲ್ಲ. ಅವಳ ಕರುಳಿಗೇ ಅದ್ನ ಹಾಕೂದಾ? ಹಾರವಾಡ ಕ್ರಾಸಲ್ಲಿ ಇಳ್ದೆ, ಚೆಲ್ದೆ, ಮನೆಗೆ ಹೋಗಿ ಐಸು ಉಪ್ಪು ಹಾಕಿ ತಂದೆ. ನೋಡ್ಕಣಿ ಬಾಯೋರೆ, ಎಷ್ಟ್ ತಾಜಾ ಅದೆ!"

ಬಾಯೋರೆ ಎಂದದ್ದು ನನಗೆ. ಆ ಲ್ಯಾಬಿನ ಕಿರಿಯ ಪೆಥಾಲಜಿಸ್ಟ್ ನಾನು. ರೋಗಿಯನ್ನಲ್ಲ, ರೋಗಿಯ ತುಂಡನ್ನು ನೋಡಿ ವರದಿ ಬರೆಯುವವಳು. ವಾದ ಮಾಡುವುದು ನನ್ನ ಚಟ; ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಯಾವ ಚೀಟಿ ಬಂದರೂ ಆ ಕಡೆಯಿಂದ ಮಾತಾಡಿ ಗೆಲ್ಲುತ್ತಿದ್ದೆ. ಅವನ ಕಸುಬಿನಲ್ಲಿ ಮೋಸವಾದದ್ದು ನನ್ನ ಕಸುಬಿನಲ್ಲಿ ಮೊದಲ ನಿಯಮ. ಫಾರ್ಮಾಲಿನ್ ಜೀವಕೋಶವನ್ನು ಇದ್ದ ಹಾಗೆಯೇ ನಿಲ್ಲಿಸುತ್ತದೆ. ಐಸು ಹಾಗಲ್ಲ. ಉಪ್ಪು ಬೆರೆತರೆ ಐಸಿನ ತಣುಪು, ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತಲೂ ಕೆಳಗಿಳಿಯುತ್ತದೆ. ಕೋಶದೊಳಗಿನ ನೀರು ಸೂಜಿಯಾಗಿ ಕೋಶವನ್ನೇ ತೂತು ಮಾಡುತ್ತದೆ. ಮೀನು ತಿನ್ನುವವರಿಗೆ ಅದರಿಂದ ನಷ್ಟವಿಲ್ಲ. ನನಗಿದೆ.

"ಹಾಳಾಗ್ಯದೆ ಅಂತೀರಾ?" ಅವನ ಮುಖ ಸಣ್ಣದಾಯಿತು.

"ಪೂರ್ತಿ ಇಲ್ಲ. ನೋಡೋಣ," ಎಂದೆ. ಟೆಕ್ನಿಶಿಯನ್ ಮಾತ್ರ ಸುಮ್ಮನಿರಲಿಲ್ಲ. "ಮತ್ತೊಂದ್ಸಲ ತರ್ಬೇಕಾದ್ರೆ ಮಸಾಲೆನೂ ಹಚ್ಕಂಡಿ ಬನ್ನಿ," ಎಂದ.

ಪ್ರಶ್ನೆ ಏನೆಂಬುದನ್ನು ಆಪರೇಶನ್ ಮಾಡಿದ ಸರ್ಜನ್ ಫೋನಿನಲ್ಲೇ ಹೇಳಿದ್ದರು. ಗಡ್ಡೆ ಕರುಳಿನ ಗೋಡೆ ದಾಟಿ ಕೊಬ್ಬಿಗೆ ಇಳಿದಂತಿದೆ. ಅದು ಸುತ್ತಲಿನ ದುಗ್ಧಗ್ರಂಥಿಗಳಿಗೆ, ಅಂದರೆ ಲಿಂಫ್ ನೋಡ್ ಎಂಬ ಸಣ್ಣ ಗಂಟುಗಳಿಗೆ, ಹೋಗಿದೆಯೋ ಇಲ್ಲವೋ? ಹೋಗಿದ್ದರೆ ಅರ್ಧ ವರ್ಷ ಡ್ರಿಪ್‌ನಲ್ಲಿ ಔಷಧಿ. ಆ ಔಷಧಿಗಳಲ್ಲಿ ಒಂದಕ್ಕೆ ಒಂದು ಗುಣವಿದೆ: ಅದು ಮೈಯಲ್ಲಿರುವಾಗ ತಣ್ಣಗಿನದನ್ನು ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತದೆ. ಫ್ರಿಜ್ಜಿನ ಬಾಗಿಲು ತೆರೆಯಲೂ ರೋಗಿಗಳು ಹೆದರುತ್ತಾರೆ. ಈ ಅಕ್ಕ ಅಂಕೋಲೆ ಪೇಟೆಯಲ್ಲಿ ಮೀನು ಮಾರುವವರು. ದಿನವಿಡೀ ಕೈ ಐಸಿನಲ್ಲಿ. ಕೀಮೋ ಎಂದರೆ ಅವರಿಗೆ ಕೂದಲು, ವಾಂತಿ, ಸುಸ್ತು ಯಾವುದೂ ಅಲ್ಲ, ಕೂರುವ ಜಾಗ. ಅರ್ಧ ವರ್ಷ ಎದ್ದು ಹೋದರೆ ಅಲ್ಲಿ ಇನ್ನೊಬ್ಬರ ಬುಟ್ಟಿ ಬಂದು ಕೂತಿರುತ್ತದೆ.

ಹಾಗೆಂದು ಬೇಕಾದ ಕೀಮೋ ತಪ್ಪಿಸಿದರೆ? ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕರುಳನ್ನು ಉದ್ದಕ್ಕೆ ಸೀಳಿ, ತೊಳೆದು, ಹಲಗೆಗೆ ಪಿನ್ನು ಹೊಡೆದು, ಬಕೆಟ್ ತುಂಬ ಫಾರ್ಮಾಲಿನ್‌ನಲ್ಲಿ ಮುಳುಗಿಸಿದೆ. ತಡವಾಗಿತ್ತು, ಆದರೂ. ಮರುದಿನ ಗಡ್ಡೆಯ ತುಂಡುಗಳನ್ನು ತೆಗೆದೆ. ಆಮೇಲೆ ಗ್ರಂಥಿಗಳ ಹುಡುಕಾಟ. ಇದಕ್ಕೆ ಯಂತ್ರವಿಲ್ಲ. ಕೊಬ್ಬನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕುತ್ತ ಹೋಗಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಗಟ್ಟಿ ಸಿಕ್ಕಿದರೆ ಬಿಡಿಸಿ ತೆಗೆಯಬೇಕು. ಹೆಪ್ಪುಗಟ್ಟಿ ಕರಗಿದ ಕೊಬ್ಬು ಎಣ್ಣೆ ಬಿಟ್ಟು ಜಾರುತ್ತಿತ್ತು. ಕಣ್ಣುರಿ, ಮೂಗುರಿ. ಸಿಕ್ಕಿದ್ದು ಏಳು. ಕರುಳಿನ ಕ್ಯಾನ್ಸರಿನಲ್ಲಿ ಕನಿಷ್ಠ ಹನ್ನೆರಡು ಗ್ರಂಥಿ ನೋಡದೆ 'ಹರಡಿಲ್ಲ' ಎನ್ನಬಾರದೆಂಬುದು ನಮ್ಮಲ್ಲಿ ಒಪ್ಪಿತ ಮಾತು. ಏಳರಲ್ಲಿ ಏಳೂ ಶುದ್ಧವಾಗಿದ್ದವು.

ಗಡ್ಡೆಯ ಸ್ಲೈಡು ಜಾಲರಿಯಾಗಿತ್ತು. ಐಸು ಮಾಡಿದ ತೂತುಗಳು. ಗಡ್ಡೆ ಮುಂದೊತ್ತುತ್ತಿರುವ ಅಂಚಿನಲ್ಲಿ, ತೂತುಗಳ ನಡುವೆ, ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳ ಗುಂಪು: ರೋಗನಿರೋಧಕ ಕೋಶಗಳು. ಮುರುಟಿ, ಮುಸುಕಾಗಿ, ಒಂದರಿಂದ ಒಂದನ್ನು ಬೇರೆ ಮಾಡಲಾಗದ ಹಾಗೆ.

ಸರ್ಜನ್ ಲ್ಯಾಬಿಗೇ ಬಂದರು. ಅಂಕೋಲೆ, ಕಾರವಾರ ಎರಡೂ ಕಡೆ ಆಪರೇಶನ್ ಮಾಡಿ ದಣಿದ ಮನುಷ್ಯ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, "ನೋಡು, ಎಷ್ಟು ದೊಡ್ಡ ಸೈನ್ಯ!" ಎಂದರು. "ದೇಹ ಹೊಡೆದಾಡ್ತಾ ಇದೆ. ಇಂಥ ಗಡ್ಡೆ ಹರಡೋದು ಕಡಿಮೆ ಅಂತ ನಿಮ್ಮ ಪುಸ್ತಕದಲ್ಲೇ ಇದೆ. ಗ್ರಂಥಿ ಕ್ಲೀನ್. ಆ ಹೆಂಗಸಿನ ಪಾಡಿಗೆ ಅವಳನ್ನ ಬಿಡು."

"ಪುಸ್ತಕದಲ್ಲಿರೋದು ಟಿ ಕೋಶಗಳು ಗುಂಪಾಗಿದ್ದರೆ ಒಳ್ಳೇದು ಅಂತ. ಇವು ಟಿ ಕೋಶ ಅಂತ ನಿಮಗೆ ಯಾರು ಹೇಳಿದ್ರು ಸರ್?"

"ಮತ್ತೇನು?"

"ಅದೇ ಕೇಳ್ತಿರೋದು. ಗುಂಪು ಕಂಡ ಕೂಡಲೇ ನಮ್ಮವರು ಅಂತ ಹೇಗೆ ಅಂದ್ಕೊಂಡ್ರಿ?"

"ನಿಂಗೆ ಡಿಬೇಟಲ್ಲಿ ಕಪ್ ಕೊಟ್ಟವರನ್ನ ಹಿಡಿದು ತರಬೇಕು ಇಲ್ಲಿಗೆ," ಎಂದು ಅವರು ಎದ್ದರು.

ವಾದಕ್ಕಾಗಿ ಹೇಳಿದ್ದಲ್ಲ. ನಮ್ಮ ಟೆಕ್ನಿಶಿಯನ್ ದಿನಾ ಮಾಜಾಳಿಯಿಂದ ಬರುವವನು. ಅಲ್ಲಿ ಗೋವಾ ಗಡಿಯ ಚೆಕ್‌ಪೋಸ್ಟ್. ಅವನಿಗೆ ಅರ್ಥ ಮಾಡಿಸಲು ನಾನು ಹೇಳಿದ್ದು ಹೀಗೆ: ನಾಕೆಯಲ್ಲಿ ನಿಂತವರೆಲ್ಲ ಗಾಡಿ ತಡೆಯುವವರಲ್ಲ, ಅಡ್ಡಗಂಬ ಎತ್ತುವವನೂ ಅಲ್ಲೇ ನಿಂತಿರುತ್ತಾನೆ. ಟಿ ಕೋಶ ಕ್ಯಾನ್ಸರ್ ಕೋಶವನ್ನು ಗುರುತು ಹಿಡಿದು ಕೊಲ್ಲಬಲ್ಲದು. ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶದ ಕೆಲಸ ಬೇರೆ: ಸತ್ತದ್ದನ್ನು ತಿಂದು, ಗಾಯ ಮಾಯಿಸುವುದು. ಗಡ್ಡೆಯನ್ನು ಅದು ಗಾಯವೆಂದು ತಿಳಿದರೆ ಮುಗಿಯಿತು. ಹೊಸ ರಕ್ತನಾಳ ಬೆಳೆಯಲು ಕರೆ ಕಳಿಸುತ್ತದೆ, ಅಕ್ಕಪಕ್ಕದ ನಾರನ್ನು ಕರಗಿಸಿ ದಾರಿ ಬಿಡುತ್ತದೆ, ಬಂದ ಟಿ ಕೋಶಗಳನ್ನೂ ಸುಮ್ಮನಾಗಿಸುತ್ತದೆ. ಕ್ಯಾನ್ಸರ್ ಆ ದಾರಿಯಲ್ಲಿ ಹೊರಡುತ್ತದೆ. ಎಲ್ಲ ಮ್ಯಾಕ್ರೋಫೇಜೂ ಹಾಗಲ್ಲ. ಕೆಲವು ಹೊಡೆದಾಡುತ್ತವೆ ಕೂಡ.

"ಅಂದ್ರೆ ಡ್ಯೂಟಿ ಮೇಲೆ ಯಾರಿದಾರೆ ಅಂತ ನೋಡ್ಬೇಕು," ಎಂದ ಅವನು.

"ಹೌದು. ಐಸು ಎಲ್ಲರ ಮುಖ ಅಳಿಸಿಬಿಟ್ಟಿದೆ."

ಮುಖ ಅಳಿದರೂ ಕೋಶದ ಮೇಲಿನ ಗುರುತಿನ ಪ್ರೋಟೀನು ಎಷ್ಟೋ ಸಲ ಉಳಿದಿರುತ್ತದೆ. ಅದಕ್ಕೆ ಮಾತ್ರ ಅಂಟುವ, ಅಂಟಿದಲ್ಲಿ ಕಂದು ಬಣ್ಣ ತೋರುವ ವಿಶೇಷ ಪರೀಕ್ಷೆ ನಮ್ಮಲ್ಲಿಲ್ಲ. ಮೇಣದಲ್ಲಿ ಕೂರಿಸಿದ ತುಂಡನ್ನು ಕರಾವಳಿಯ ತೆಂಕಣ ಊರಿನ ದೊಡ್ಡ ಲ್ಯಾಬಿಗೆ ಕಳಿಸಿದೆ. ಮೊದಲ ಸಲ ಕೊರೆದ ಪದರ ಗಾಜಿನಿಂದ ಕಿತ್ತು ಹೋಯಿತಂತೆ. ಇನ್ನೊಂದು ತುಂಡು ಕಳಿಸಿ ಎಂದರು. ಕಳಿಸಿದೆ. ನಡುವೆ ಡಬ್ಬಿ ತಂದ ತಮ್ಮ ಮತ್ತೆ ಮತ್ತೆ ಬಂದು ಕೌಂಟರಿನಲ್ಲಿ ನಿಲ್ಲುತ್ತಿದ್ದ. ಬೆಳಿಗ್ಗೆ ಅಂಕೋಲೆಯಿಂದ ಬಸ್ಸಿನಲ್ಲಿ ಬರುವಾಗ ನನಗೆ ಅವನ ಮುಖ ಮೊದಲೇ ಕಣ್ಣಿಗೆ ಬರುತ್ತಿತ್ತು, ಸುಸ್ತು ಆಗಿನಿಂದಲೇ ಶುರು. "ಆತಾ ಬಾಯೋರೆ?" "ಇಲ್ಲ." "ನಾ ಐಸ್ ಹಾಕಿದ್ಕೇ ಅಲ್ವಾ ತಡ?" ನಾನು ಇಲ್ಲವೆನ್ನುತ್ತಿರಲಿಲ್ಲ. ಹೌದೆನ್ನಲೂ ಮನಸ್ಸಾಗುತ್ತಿರಲಿಲ್ಲ.

ಫಲಿತಾಂಶ ನನ್ನ ಅನುಮಾನದ ಕಡೆಗೇ ಇತ್ತು. ಟಿ ಕೋಶಗಳು ಕೆಲವೇ, ಅವೂ ಗಡ್ಡೆಯಿಂದ ದೂರ, ಹೊರಗೆ. ಅಂಚಿನ ಗುಂಪಿನಲ್ಲಿ ಹೆಚ್ಚಿನವು ಮ್ಯಾಕ್ರೋಫೇಜ್. ಗಡ್ಡೆಯಿಂದ ಕಳಚಿಕೊಂಡು ಎರಡು ಮೂರು ಕೋಶಗಳ ಸಣ್ಣ ಗುಂಪುಗಳು ಮುಂದೆ ಹೊರಟಿದ್ದವು. ಅವುಗಳ ಮಗ್ಗುಲಲ್ಲೇ ಮ್ಯಾಕ್ರೋಫೇಜಿನ ಕಂದು ಬಣ್ಣ ಒತ್ತಾಗಿತ್ತು.

ಕ್ಯಾನ್ಸರ್ ಸಭೆಯಲ್ಲಿ ಸರ್ಜನ್, ವಾರಕ್ಕೊಮ್ಮೆ ಹೊರಗಿನಿಂದ ಬರುವ ಕ್ಯಾನ್ಸರ್ ವೈದ್ಯರು, ನಾನು. ಚಿತ್ರಗಳನ್ನು ಪರದೆಗೆ ಹಾಕಿ ಮಾತಾಡಿದೆ. ಸೈನ್ಯವೆಂದು ಕರೆದದ್ದು ಸೈನ್ಯವಲ್ಲ ಎಂಬಲ್ಲಿಂದ ಶುರುಮಾಡಿ, ನಾಕೆಯ ಪೊಲೀಸರ ಹಾಗೆ ಕಾವಲಿಗೆ ನಿಂತದ್ದೇ ದಾರಿ ತೋರಿಸುತ್ತಿದೆ ಎಂಬಲ್ಲಿಗೆ ತಂದು ನಿಲ್ಲಿಸಿದೆ. ಏಳು ಗ್ರಂಥಿ ಸಾಲದೆಂದೂ ಹೇಳಿದೆ. ಸರ್ಜನ್ ಎರಡು ಸಲ ಬಾಯಿ ಹಾಕಿದರು. ಎರಡು ಸಲವೂ ಅವರ ಮಾತನ್ನು ಅವರಿಗೇ ತಿರುಗಿಸಿದೆ. ಕ್ಯಾನ್ಸರ್ ವೈದ್ಯರು ತಲೆಯಾಡಿಸಿ, "ಸರಿ, ಇದನ್ನ ಹರಡಿದ ಕೇಸ್ ಅಂತಲೇ ತಗೊಳ್ಳೋಣ. ಪೂರ್ತಿ ಕೀಮೋ ಶುರು ಮಾಡೋಣ," ಎಂದರು. ಸರ್ಜನ್ ಫೋನು ನೋಡತೊಡಗಿದರು.

ಹೊರಗೆ ಬೆಂಚಿನ ಮೇಲೆ ಆ ಅಕ್ಕ ಕೂತಿದ್ದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಅದುವರೆಗೆ ನನಗೆ ಗೊತ್ತಿದ್ದದ್ದು ಅವರ ಕರುಳು. ಐವತ್ತು ದಾಟಿದವರು, ಬಿಗಿದು ಕಟ್ಟಿದ ಸೀರೆ, ಮಡಿಲಲ್ಲಿ ಎರಡು ಕೈ. ಆಪರೇಶನ್ ಆಗಿಯೂ ಬೆನ್ನು ನೆಟ್ಟಗಿತ್ತು. ಪಕ್ಕದಲ್ಲಿ ತಮ್ಮ ಎದ್ದು ನಿಂತ.

"ಕೀಮೋ ಕೊಡ್ತಾರೆ," ಎಂದೆ.

"ಕರೆಂಟ್ ಹೊಡ್ಯೂದಾ ತಂಗಿ?" ಅಕ್ಕ ಕೇಳಿದರು. ಸರ್ಜನ್ ಮೊದಲೇ ಹೇಳಿದ್ದರೆಂದು ಕಾಣುತ್ತದೆ.

"ಹೌದಕ್ಕ."

ತಮ್ಮ ಮಾತಾಡಿದ, ಸಿಟ್ಟಿನಲ್ಲಿ. "ಅಂದ್ರೆ ಗಂಟಿಗೆ ಹೋಗ್ಯದೆ? ನೀವ್ ಕಂಡ್ರಾ?"

"ಗಂಟಿನಲ್ಲಿ ಕಂಡಿಲ್ಲ. ಆದರೆ ಅಂಚಿನಲ್ಲಿರೋ ಕೋಶಗಳನ್ನ ನೋಡಿದ್ರೆ..."

"ಅದೆಲ್ಲಾ ಬ್ಯಾಡ. ಕಂಡದ್ದಾ, ಅಂದಾಜಾ?"

"ಏ, ಸುಮ್ನಿರಾ," ಅಕ್ಕ ಗದರಿದರು.

"ಎಂತಕೆ ಸುಮ್ನಿರೂದು? ನಾ ಅಂದಾಜಲ್ಲಿ ಐಸ್ ಹಾಕ್ದೆ ಅಂತ ಎಲ್ಲಾರೂ ಬಯ್ದ್ರು ನಂಗೆ. ಇವ್ರೂ ಅಂದಾಜೇ ಮಾಡೂದಾದ್ರೆ ಇವ್ರಿಗೆ ಬಯ್ಯೂದ್ಯಾರು?"

ಉತ್ತರವಿತ್ತು ನನ್ನಲ್ಲಿ. ಏಳೇ ಗ್ರಂಥಿ ಸಿಕ್ಕಿದ್ದರೆ ಅದೇ ಒಂದು ಅಪಾಯ, ಕೀಮೋ ಯೋಚಿಸಲು ಅದೊಂದೇ ಸಾಕು. ಆದರೆ ಯೋಚಿಸುವುದಕ್ಕೆ ಸಾಕು. ಈ ಔಷಧಿಯೇ ಬೇಕೆನ್ನಲು ಸಾಲದು. ಗ್ರಂಥಿಗೆ ಹೋಗಿರದಿದ್ದರೆ ಬೆರಳು ಸುಡದ ಮಾತ್ರೆಯಲ್ಲೂ ಮುಗಿಯಬಹುದಿತ್ತು. ಇನ್ನು ಮ್ಯಾಕ್ರೋಫೇಜಿನ ಮಾತು. ಅದು ಸುಳ್ಳಲ್ಲ. ನೂರಾರು ರೋಗಿಗಳನ್ನು ಸಾಲಾಗಿ ನಿಲ್ಲಿಸಿದರೆ ಅಂಚಿನಲ್ಲಿ ಇಂಥ ಗುಂಪಿರುವವರಲ್ಲಿ ಹರಡುವುದು ಹೆಚ್ಚೆನ್ನಬಹುದು. ಅದರಲ್ಲೂ ಒಂದಕ್ಕೊಂದು ಒಪ್ಪದ ಅಧ್ಯಯನಗಳಿವೆ. ಈ ಬೆಂಚಿನ ಮೇಲೆ ಕೂತ ಒಬ್ಬರಿಗೆ ಹರಡಿದೆಯೋ ಎಂದು ಅದು ಹೇಳಲಾರದು. ಸರ್ಜನ್ ಗುಂಪು ನೋಡಿ ಇಲ್ಲವೆಂದರು. ನಾನು ಅದೇ ಗುಂಪಿಗೆ ಬಣ್ಣ ಹಚ್ಚಿ ಹೌದೆಂದೆ. ಎದುರು ಪಕ್ಷದ ಚೀಟಿ ಬಂದಿದ್ದರೆ ಅದನ್ನೂ ಅಷ್ಟೇ ಚೆನ್ನಾಗಿ ಮಾತಾಡುತ್ತಿದ್ದೆ.

ಒಳಗೆ ಹೋಗಿ, ಒಂದು ವಾರ ತಡೆಯಿರಿ, ಕೊಬ್ಬನ್ನು ಮತ್ತೊಮ್ಮೆ ಹುಡುಕುತ್ತೇನೆ ಎಂದೆ.

"ಈಗ ತಾನೇ ಗೆದ್ದೆಯಲ್ಲ?" ಸರ್ಜನ್ ನಕ್ಕರು. ಕುಹಕವೇ, ಆದರೆ ಅದರಲ್ಲೂ ದಣಿವಿತ್ತು. "ನಿನ್ನ ಪೊಲೀಸರು ಏನಾದ್ರು?"

"ಅವರ ಸಾಕ್ಷಿ ಸಾಲದು ಸರ್."

"ಸಿಗದೇ ಇದ್ರೆ?"

"ಮಾತ್ರೆ ಸಾಕೋ ಅಂತ ಮತ್ತೆ ಕೂತು ಯೋಚಿಸೋಣ. ನಾನು ಇವತ್ತು ಹೇಳಿದ್ದನ್ನ ವಾಪಸ್ ತಗೊಂಡು."

ಬಕೆಟ್ ಇನ್ನೂ ಚೆಲ್ಲಿರಲಿಲ್ಲ. ಉಳಿದ ಕೊಬ್ಬನ್ನೆಲ್ಲ ಕರುಳಿನಿಂದ ಬಿಡಿಸಿ ಚೂರು ಮಾಡಿ, ಸ್ಪಿರಿಟ್ ಮತ್ತು ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ನೆನೆಹಾಕಿದೆ. ಕೊಬ್ಬು ಹಳದಿಯಾಗಿಯೇ ಉಳಿದು ಗ್ರಂಥಿಗಳು ಮಾತ್ರ ಸುಣ್ಣದ ಹನಿಯಂತೆ ಬೆಳ್ಳಗಾಗುತ್ತವೆಂಬ ನಂಬಿಕೆಯಿಂದ. ಮರುದಿನ ತೆರೆದರೆ ಎಲ್ಲವೂ ಒಂದೇ ಬಿಳಿ. ಉಪ್ಪಿನ ದೆಸೆಯೋ ಹೆಪ್ಪುಗಟ್ಟಿದ್ದರ ದೆಸೆಯೋ ಈಗಲೂ ತಿಳಿಯದು. ದ್ರಾವಣ ಬದಲಿಸಿದೆ. ಮತ್ತೆ ಕಾದೆ. ಮತ್ತೆ ಬದಲಿಸಿದೆ.

ಬೇರೆಯವರ ವರದಿಗಳು ರಾಶಿ ಬಿದ್ದಿದ್ದವು. ಅವುಗಳನ್ನು ಮುಗಿಸಿ, ಮಧ್ಯಾಹ್ನದ ಮೇಲೆ ಟ್ರೇ ಎಳೆದುಕೊಂಡು ಕೂರುತ್ತಿದ್ದೆ. ಹಿಸುಕು, ಬೆಳಕಿಗೆ ಹಿಡಿ, ಬಿಡು. ಹಿಸುಕು. ಎರಡು ಜೊತೆ ಗ್ಲೌಸ್ ಹಾಕಿದರೂ ಬೆರಳ ತುದಿ ಜೋಮು ಹಿಡಿಯುತ್ತಿತ್ತು. ಗಂಟೆಂದು ತೆಗೆದದ್ದು ರಕ್ತನಾಳದ ತುಂಡಾಗಿರುತ್ತಿತ್ತು. ಇನ್ನೊಂದು, ಹೊಲಿಗೆಯ ದಾರ.

"ಮ್ಯಾಡಂ, ಸಿಕ್ಕಿದ್ರೆ ಆ ಹೆಂಗಸಿಗೆ ಕಷ್ಟ, ಸಿಗದೇ ಇದ್ರೆ ನಿಮ್ಗೆ ಕಷ್ಟ," ಎಂದ ಟೆಕ್ನಿಶಿಯನ್. "ಎಂತಾ ಸಿಗ್ಲಿ ಅಂತ ಹುಡುಕ್ತಾ ಇದ್ದೀರಿ?"

"ಗೊತ್ತಿಲ್ಲ. ಆ ಚಿಮಟ ಕೊಡು."

ಕೊನೆಗೆ ಹೊಸದಾಗಿ ಏಳು ಸಿಕ್ಕವು, ಹನ್ನೆರಡಾಗಲು ಬೇಕಾದಷ್ಟಕ್ಕಿಂತ ಎರಡು ಹೆಚ್ಚೇ. ಎಲ್ಲವೂ ಕರುಳಿಗೆ ಒತ್ತಿಕೊಂಡ ಕೊಬ್ಬಿನಲ್ಲಿ, ಒಂದೂ ಅಕ್ಕಿಕಾಳಿಗಿಂತ ದೊಡ್ಡದಿಲ್ಲ. ಕೊಬ್ಬಿನ ಆಳದಲ್ಲಿದ್ದವಾದ್ದರಿಂದ ಐಸು ಅಷ್ಟಾಗಿ ತಾಗಿರಲಿಲ್ಲ, ಸ್ಲೈಡುಗಳು ತಿಳಿಯಾಗಿದ್ದವು. ಒಂದೊಂದೇ ನೋಡುತ್ತ ಹೋದೆ. ಶುದ್ಧ. ಶುದ್ಧ. ಆಮೇಲಿನದರ ಅಂಚಿನಲ್ಲಿ, ಗ್ರಂಥಿಯ ಸಿಪ್ಪೆಯ ಕೆಳಗೆ, ಉಂಗುರದ ಆಕಾರದಲ್ಲಿ ಕ್ಯಾನ್ಸರ್ ಕೋಶಗಳ ಸಣ್ಣದೊಂದು ಗುಂಪು. ಕರುಳಿನ ಕ್ಯಾನ್ಸರ್ ಎಲ್ಲಿಗೆ ಹೋದರೂ ಕರುಳಿನ ಆಕಾರವನ್ನೇ ಕಟ್ಟಲು ನೋಡುತ್ತದೆ.

ಬಹಳ ಹೊತ್ತು ಅದನ್ನೇ ನೋಡಿದೆ. ದುಗ್ಧಗ್ರಂಥಿಯೆಂದರೆ ರೋಗನಿರೋಧಕ ಕೋಶಗಳ ಸ್ವಂತ ಊರು. ಅಲ್ಲಿ ಅವು ಬಿಟ್ಟರೆ ಬೇರೆ ನಿವಾಸಿಗಳೇ ಇಲ್ಲ. ಸುತ್ತ ಲಕ್ಷಾಂತರ ಟಿ ಕೋಶ, ಬಿ ಕೋಶ, ಮ್ಯಾಕ್ರೋಫೇಜ್. ಅವುಗಳ ನಡುವೆ ಇದು ನೆಂಟರ ಮನೆಗೆ ಬಂದ ಹಾಗೆ ಕೂತಿತ್ತು. ಸೈನ್ಯವೋ ಪೊಲೀಸರೋ ಎಂಬ ನಮ್ಮಿಬ್ಬರ ಜಗಳಕ್ಕೆ ಅದು ಯಾವ ಕಡೆಯಿಂದಲೂ ಮಾತಾಡಲಿಲ್ಲ. ಇದ್ದೇನೆ ಎಂದಿತು, ಅಷ್ಟೇ.

ಸರ್ಜನ್ ಬಂದು ನೋಡಿ, "ಕೊನೆಗೆ ನೀನು ಹೇಳಿದ್ದೇ ಆಯ್ತಲ್ಲ. ಇಷ್ಟು ಒದ್ದಾಡೋದು ಬೇಕಿತ್ತಾ?" ಎಂದರು.

"ಮೊದಲು ಹೇಳಿದ್ದೆ. ಈಗ ನೋಡಿದೆ."

ಅವರು ಕನ್ನಡಕ ಒರೆಸಿಕೊಂಡರು. ಇನ್ನೊಮ್ಮೆ ನೋಡಿದರು. ಆಮೇಲೆ, "ಆ ತಮ್ಮನಿಗೆ ನಾನೇ ಹೇಳ್ಲಾ?" ಎಂದರು. ಬೇಡವೆಂದೆ.

ಅವನನ್ನು ಒಳಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಒಂದು ಕಣ್ಣು ಮುಚ್ಚಿ ನೋಡಿದ, ಬೋಟಿನವರು ದೂರ ನೋಡುವ ಹಾಗೆ. ಉಂಗುರ ತೋರಿಸಿದೆ. "ಇದಾ?" "ಅದೇ." "ಇದು ಕಂಡದ್ದು," ಎಂದ. ಎದ್ದ. ಬಾಗಿಲ ಹತ್ತಿರ ಹೋಗಿ ತಿರುಗಿದ. "ನಾ ಐಸ್ ಹಾಕ್ದೇ ಇದ್ರೆ ಮೊದ್ಲೇ ಸಿಗ್ತಿತ್ತಾ?"

"ಸಿಗ್ತಿತ್ತೋ ಏನೋ. ಖಾತ್ರಿ ಇಲ್ಲ." ನಿಜವಾಗಿಯೂ ಇರಲಿಲ್ಲ.

ಕೀಮೋ ಕಾರವಾರದಲ್ಲೇ ಶುರುವಾಯಿತು.

ಮೊನ್ನೆ ಬಸ್ಸಿಳಿದು ಅಂಕೋಲೆಯ ಮೀನುಪೇಟೆಗೆ ಹೋದೆ. ಅಕ್ಕ ತಾವು ಕೂರುವ ಜಾಗದಲ್ಲೇ ಇದ್ದರು. ಆ ಸೆಕೆಯಲ್ಲಿ ಎರಡು ಕೈಗೂ ಉಣ್ಣೆಯ ಕಾಲುಚೀಲ ತೊಟ್ಟಿದ್ದರು. ಬುಟ್ಟಿಯ ಹಿಂದೆ ತಮ್ಮ. ಬೋಟಿಗೆ ಹೋಗುವುದನ್ನು ಈಗ ಬಿಟ್ಟಿದ್ದಾನಂತೆ. ಪಕ್ಕದ ಹೆಂಗಸೊಬ್ಬಳು ಅವನನ್ನು ಕಾಡುತ್ತಿದ್ದಳು: "ಏ ಮೀನಗಾರಣಿ, ನಿನ್ ಬಂಗಡೆ ಏನ್ ಹೇಳ್ತದೆ ಇವತ್ತು?" ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

"ತಂಗಿ," ಎಂದರು ಅಕ್ಕ. "ಇಷ್ಟೆಲ್ಲಾ ಮಾಡದ್ರೆ ಮತ್ತ್ ಬರೂದಿಲ್ಲ ಅಲ್ಲಾ ಅದು?"

ಪರವಾಗಿ ಹೇಳಲು ನನ್ನಲ್ಲಿ ಎಷ್ಟೋ ಇತ್ತು. ವಿರೋಧವಾಗಿಯೂ.

"ಗೊತ್ತಿಲ್ಲ ಅಕ್ಕ. ಬರೋದು ಕಡಿಮೆಯಾಗ್ತದೆ. ಬರೂದೇ ಇಲ್ಲ ಅಂತ ಹೇಳೋಕಾಗಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಗಿರಾಕಿಗಳು ಮೀನಿನ ಕಿವಿರು ಎತ್ತಿ ನೋಡುತ್ತಾರಲ್ಲ, ಹಾಗೆ. "ಆತು," ಎಂದರು. "ಬಂಗಡೆ ತಕಂಡ್ಹೋಗು. ಮೂಸಿ ನೋಡು ಬೇಕಾದ್ರೆ, ನಿಮ್ಮಲ್ಲಿಯ ಆ ಮದ್ದಿನ ವಾಸ್ನೆ ಇಲ್ಲ."

ನಗುತ್ತಲೇ ಅವರ ಕೈ ಅಭ್ಯಾಸದಿಂದ ಐಸಿನ ಕಡೆ ಹೋಯಿತು. ಗೇಣು ದೂರದಲ್ಲಿ ನಿಂತಿತು. ಕಾಲುಚೀಲದೊಳಗೆ ಬೆರಳುಗಳು ಒಮ್ಮೆ ಮಡಚಿ ಬಿಡಿಸಿಕೊಂಡವು.

ತಮ್ಮನೇ ಐಸಿಗೆ ಕೈ ಹಾಕಿದ.

"ಅದಲ್ಲ," ಎಂದರು ಅಕ್ಕ. "ಅದ್ರ ಕೆಳಗಿಂದು."